ಜೂನ್ ಐದು ಕಳೆದ ಮೇಲೆ



ಬೆಂಗಳೂರಿನಿಂದ ಮೈಸೂರಿನ ಕಡೆ ಹೊರಟು ಕೆಂಗೇರಿ, ಕುಂಬಳಗೋಡು ದಾಟಿದರೆ ಬಿಡದಿ. ತಟ್ಟೆ ಇಡ್ಲಿಯಿಂದ ನಾಡಿಗೆಲ್ಲ ಪರಿಚಯವಾದ ಊರು. ಈಚಿನ ಕೆಲವು ದಶಕಗಳಲ್ಲಿ ಇಲ್ಲಿಗೆ ಕೈಗಾರಿಕಾ ಪ್ರದೇಶ ಬಂತು, ಕಾರು ತಯಾರಿಸುವ ಕಾರ್ಖಾನೆ ಬಂತು, ಹೆದ್ದಾರಿಯ ಉದ್ದಕ್ಕೂ ಕಾಲೇಜುಗಳು ಬಂದವು. ಆ ಹೆದ್ದಾರಿ ಬಿಟ್ಟು ಸ್ವಲ್ಪ ಒಳಕ್ಕೆ ಹೋದರೆ ಹಿಪ್ಪುನೇರಳೆ ತೋಟ, ತೆಂಗು, ರಾಗಿ ಹೊಲ, ಕೆರೆ. ಹಳ್ಳಿಗಳಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ. ಕಾಲೇಜಿನ ಹುಡುಗ ಹುಡುಗಿಯರು ಆ ಶಾಲೆಗಳಿಗೆ ಹೋಗಿ ಚಿಕ್ಕ ಮಕ್ಕಳಿಗೆ ಪರಿಸರದ ಪಾಠ ಹೇಳುವ ಕೆಲಸದ ಬಗ್ಗೆ ಇವತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಇದು ಒಳ್ಳೆಯ ಕೆಲಸ. ಹತ್ತು ವರ್ಷದ ಮಗುವಿಗೆ ಮೇಷ್ಟ್ರ ಮೇಲೆ ಗೌರವವಿರುತ್ತದೆ, ಜೊತೆಗೆ ಒಂದಿಷ್ಟು ಭಯವೂ ಇರುತ್ತದೆ. ಕಾಲೇಜಿನಿಂದ ಬಂದವರನ್ನು ಅದು ಅಕ್ಕ, ಅಣ್ಣ ಎಂದು ಕರೆಯುತ್ತದೆ. ಮೇಷ್ಟ್ರನ್ನು ಕೇಳಲು ಹಿಂಜರಿಯುವ ಪ್ರಶ್ನೆಯನ್ನು ಅಕ್ಕನ ಕೈ ಹಿಡಿದುಕೊಂಡು ಕೇಳುತ್ತದೆ. ಆ ಸಲಿಗೆ ಕಲಿಕೆಗೆ ದೊಡ್ಡ ಆಸರೆ.

ಆದರೆ ಈ ಕೆಲಸ ಹೆಚ್ಚಿನ ಕಡೆ ಒಂದೇ ದಿನಕ್ಕೆ ಮುಗಿದುಹೋಗುತ್ತದೆ. 1972ರ ಜೂನ್ 5ರಂದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾಯಿತು. ಅದರ ನೆನಪಿಗೆ ಆ ದಿನವನ್ನು ವಿಶ್ವ ಪರಿಸರ ದಿನವೆಂದು ಆಚರಿಸುತ್ತೇವೆ. ಬಸ್ಸು ಬರುತ್ತದೆ, ಭಿತ್ತಿಪತ್ರ ಕಟ್ಟುತ್ತಾರೆ, ಚಿತ್ರ ಬರೆಯುವ ಸ್ಪರ್ಧೆ ನಡೆಯುತ್ತದೆ, ಗುಂಡಿಯಲ್ಲಿ ಸಸಿ ಇಟ್ಟು ಎಲ್ಲರೂ ಸುತ್ತ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಜೂನ್ ಐದು ಕಳೆದ ಮೇಲೆ ಆ ಸಸಿಯ ಗತಿ ಏನು? ಮಾರ್ಚ್ ಬಿಸಿಲಿನಲ್ಲಿ ಅದಕ್ಕೆ ನೀರು ಹಾಕುವವರು ಯಾರು? ಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟುವವರು ಯಾರು? ಪರಿಸರದ ಪಾಠ ನಿಜವಾಗಿ ಶುರುವಾಗುವುದು ಈ ಪ್ರಶ್ನೆಗಳಿಂದ.

ಕಾಲೇಜಿನವರಿಗೆ ಇದು ಹೆಚ್ಚುವರಿ ಹೊರೆಯೂ ಅಲ್ಲ. ವಕೀಲ ಎಂ.ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರ ನವೆಂಬರ್‌ನಲ್ಲಿ ಪರಿಸರ ಶಿಕ್ಷಣವನ್ನು ಎಲ್ಲ ಹಂತಗಳಲ್ಲೂ ಕಡ್ಡಾಯ ಮಾಡಬೇಕೆಂದು ಹೇಳಿತು. ಅದರ ಫಲವಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಆರು ತಿಂಗಳ ಪಠ್ಯಕ್ರಮ ರೂಪಿಸಿತು. ಎಂಟು ಘಟಕ, ಐವತ್ತು ತರಗತಿ. ಎಂಟನೆಯ ಘಟಕ ಪೂರ್ತಿ ಹೊರಗಿನ ಕೆಲಸಕ್ಕೆ ಮೀಸಲಾಗಿತ್ತು. ಅದರಲ್ಲಿ ಏನೇನಿತ್ತು ಕೇಳಿ: ಹತ್ತಿರದ ನದಿ, ಕಾಡು, ಬೆಟ್ಟ ನೋಡಿ ದಾಖಲಿಸುವುದು, ಹತ್ತಿರದ ಒಂದು ಮಲಿನ ಜಾಗಕ್ಕೆ ಹೋಗಿ ಬರುವುದು, ಸಾಮಾನ್ಯವಾಗಿ ಕಾಣುವ ಗಿಡ, ಹುಳು, ಹಕ್ಕಿಗಳನ್ನು ಗುರುತಿಸುವುದು, ಕೆರೆ, ಹೊಳೆ, ಬೆಟ್ಟದ ಇಳಿಜಾರಿನ ಜೀವಜಾಲ ಅರಿಯುವುದು. ಬಿಡದಿಯ ಸುತ್ತಮುತ್ತ ಇವೆಲ್ಲವೂ ಇವೆ. ಇದರ ಜೊತೆಗೆ ರಾಷ್ಟ್ರೀಯ ಸೇವಾ ಯೋಜನೆ ಇದೆ. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ಒಬ್ಬ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಹಳ್ಳಿಯಲ್ಲಿ ಏಳು ದಿನದ ಶಿಬಿರದಲ್ಲಿ ಇರಬೇಕು. ಹೀಗೆ ನಿಯಮವೂ ಇದೆ, ಸಮಯವೂ ಇದೆ. ಆ ಸಮಯವನ್ನು ಒಂದೇ ಶಾಲೆಗೆ, ಒಂದೇ ಊರಿಗೆ ಕೊಡುವ ಮನಸ್ಸು ಮಾಡಬೇಕು.

ಹೋದವರು ಎಲ್ಲಿಂದ ಶುರುಮಾಡಬೇಕು? ಓಝೋನ್ ಪದರದಿಂದಲೋ ಧ್ರುವ ಪ್ರದೇಶದ ಹಿಮದಿಂದಲೋ ಬೇಡ. ಮಗುವಿಗೆ ಈಗಾಗಲೇ ಗೊತ್ತಿರುವುದರಿಂದ ಶುರುಮಾಡಬೇಕು. ಈ ಸೀಮೆಯ ಮಗುವಿಗೆ ಬಹಳ ಗೊತ್ತಿರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಇದು ರೇಷ್ಮೆಯ ಸೀಮೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಹುಳು ಸಾಕುವ ಮನೆಯ ಮಗುವನ್ನು ಹುಳುವಿನ ಬಗ್ಗೆ ಕೇಳಿ ನೋಡಿ. "ನಾಲ್ಕನೇ ಜ್ವರ ಎದ್ದವೆ ಅಕ್ಕ, ಈಗ ಸೊಪ್ಪು ಜಾಸ್ತಿ ಬೇಕು" ಎನ್ನುತ್ತದೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದನ್ನೇ ಜ್ವರ ಎನ್ನುತ್ತಾರೆ, ಹಾಗೆ ಪೊರೆ ಬಿಡುವಾಗ ಸೊಪ್ಪು ಮುಟ್ಟದೆ ತಲೆ ಎತ್ತಿ ಸುಮ್ಮನಿರುತ್ತದೆ, ನಾಲ್ಕನೆಯ ಜ್ವರ ಎದ್ದ ಮೇಲೆ ಹಗಲು ರಾತ್ರಿ ಮೇಯುತ್ತದೆ, ಹಣ್ಣಾದಾಗ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು ಎಂಬುದೆಲ್ಲ ಆ ಮಗುವಿಗೆ ಗೊತ್ತು. ಇನ್ನೊಂದು ಪ್ರಶ್ನೆ ಕೇಳಿ: "ಸೊಪ್ಪಿಗೆ ಔಷಧಿ ಹೊಡೆದರೆ ಏನಾಗುತ್ತೆ?" ಮಗು ಥಟ್ಟನೆ ಹೇಳುತ್ತದೆ: "ಹುಳ ಸತ್ತೋಗ್ತವೆ." ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ಗಾಳಿಯಲ್ಲಿ ಬಂದು ತೋಟದ ಮೇಲೆ ಕೂತರೂ ಹುಳುವಿಗೆ ಕೇಡು ಎಂಬುದನ್ನೂ ಅದು ಮನೆಯಲ್ಲಿ ಕೇಳಿರುತ್ತದೆ.

ನೋಡಿ, ಪರಿಸರ ವಿಜ್ಞಾನದ ಮುಖ್ಯವಾದ ಪಾಠ ಇಲ್ಲೇ ಇದೆ. ಒಂದು ಕಡೆ ಹಾಕಿದ ವಿಷ ಅಲ್ಲೇ ನಿಲ್ಲುವುದಿಲ್ಲ. ಗಾಳಿಯಲ್ಲಿ ಹೋಗುತ್ತದೆ, ಎಲೆಗೆ ಸೇರುತ್ತದೆ, ಎಲೆ ತಿಂದ ಜೀವಕ್ಕೆ ಸೇರುತ್ತದೆ. ಕಾಲೇಜಿನವರು ಮಾಡಬೇಕಾದದ್ದು ಇಷ್ಟೇ: ಮಗುವಿಗೆ ತಿಳಿದ ಈ ಒಂದು ಎಳೆಯನ್ನು ಹಿಡಿದು ಮುಂದಕ್ಕೆ ಎಳೆಯಬೇಕು. ರೇಷ್ಮೆಹುಳು ಸಾಯುವುದಾದರೆ ಜೇನುಹುಳುವಿಗೆ ಏನಾಗುತ್ತದೆ? ಜೇನು ಕಡಿಮೆಯಾದರೆ ಸೋರೆ, ಕುಂಬಳ, ಸೌತೆಯ ಹೂವು ಕಾಯಿಗಟ್ಟುವುದು ಹೇಗೆ? ಪಕ್ಕದ ಚನ್ನಪಟ್ಟಣದಲ್ಲಿ ಆಲೆಮರದ ಬೊಂಬೆಗಳಿಗೆ ಬಳಿಯುವ ಅರಗು ಎಲ್ಲಿಂದ ಬಂತು? ಅದೂ ಒಂದು ಪುಟ್ಟ ಕೀಟ ಮರದ ಕೊಂಬೆಯ ಮೇಲೆ ಸುರಿಸಿದ್ದು. ಕೈಯಲ್ಲಿ ಬೊಂಬೆ ಹಿಡಿದ ಮಗುವಿಗೆ, ಹುಳುವೆಂದರೆ ಕಾಲಿನಿಂದ ಹೊಸಕುವ ವಸ್ತುವಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಿಡದಿಯ ದೊಡ್ಡ ಪಾಠ ಮಾತ್ರ ನೀರಿನದು. ವೃಷಭಾವತಿ ಬೆಂಗಳೂರಿನ ಬಸವನಗುಡಿಯ ಕಡೆ ಹುಟ್ಟಿ, ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿ ಹಾದು, ಬಿಡದಿಯ ಹತ್ತಿರದ ಬೈರಮಂಗಲ ಕೆರೆಗೆ ಬರುತ್ತದೆ. ಅಲ್ಲಿಂದ ಮುಂದೆ ಕನಕಪುರದ ಸೀಮೆಯಲ್ಲಿ ಅರ್ಕಾವತಿಗೆ ಸೇರುತ್ತದೆ. ನಂದಿ ಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಸಂಗಮ ಎಂಬಲ್ಲಿ ಕಾವೇರಿಗೆ ಸೇರುತ್ತದೆ. ಸ್ವಾತಂತ್ರ್ಯ ಬರುವ ಮೊದಲು, ಸುತ್ತಲ ಹೊಲಗದ್ದೆಗಳಿಗೆ ನೀರುಣಿಸಲೆಂದು ಕಟ್ಟಿದ ಕೆರೆ ಬೈರಮಂಗಲ. ಇವತ್ತು ಅಲ್ಲಿಗೆ ಹರಿದು ಬರುವುದರಲ್ಲಿ ಬಹುಪಾಲು ಬೆಂಗಳೂರಿನ ಮನೆಗಳ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ. ನೀರು ಧುಮುಕುವ ಕಡೆ ಬಿಳಿ ನೊರೆ ಎದ್ದು ಗುಡ್ಡೆಯಾಗಿ ನಿಲ್ಲುತ್ತದೆ. ಆ ಕೆರೆಯ ಅಚ್ಚುಕಟ್ಟಿನಲ್ಲಿ ಈಗ ರೈತರು ಬೇಬಿ ಕಾರ್ನ್, ಹಸುವಿಗೆ ಹಾಕುವ ಹುಲ್ಲು, ತೆಂಗು, ಹಿಪ್ಪುನೇರಳೆ ಬೆಳೆಯುತ್ತಾರೆ.

ಈ ನೀರಿನ ಪಾಠವನ್ನು ಹೀಗೆ ಮಾಡಬಹುದು. ಮಕ್ಕಳನ್ನು ಆ ನೀರಿನ ಹತ್ತಿರ ಬಿಡಬಾರದು, ಮುಟ್ಟಲೂ ಬಿಡಬಾರದು. ದೊಡ್ಡವರೇ ಕೈಗವಸು ಹಾಕಿಕೊಂಡು ಗಾಜಿನ ಸೀಸೆಯಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ ತರಬೇಕು. ಅದರ ಪಕ್ಕ ಮಳೆನೀರಿನ ಸೀಸೆ, ಶಾಲೆಯ ಕೊಳವೆಬಾವಿಯ ನೀರಿನ ಸೀಸೆ, ಸೋಪಿನ ಪುಡಿ ಕದಡಿದ ನೀರಿನ ಸೀಸೆ ಇಡಬೇಕು. ನಾಲ್ಕನ್ನೂ ಅಲ್ಲಾಡಿಸಿ ಇಟ್ಟರೆ ಯಾವುದರಲ್ಲಿ ನೊರೆ ನಿಲ್ಲುತ್ತದೆ, ಯಾವುದರಲ್ಲಿ ತಕ್ಷಣ ಇಳಿದುಹೋಗುತ್ತದೆ ಎಂದು ಮಕ್ಕಳೇ ಹೇಳುತ್ತಾರೆ. ನೊರೆಗೂ ಮನೆಯ ಬಟ್ಟೆ ಒಗೆಯುವ ಪುಡಿಗೂ ಇರುವ ನಂಟು ಅವರ ಕಣ್ಣಿಗೇ ಕಾಣುತ್ತದೆ.

ಆಮೇಲೆ ಬುಡ ಕತ್ತರಿಸಿದ ಬಾಟಲಿಯನ್ನು ತಲೆಕೆಳಗಾಗಿ ಹಿಡಿದು, ಬಾಯಿಗೆ ಬಟ್ಟೆ ಕಟ್ಟಿ, ಒಳಗೆ ಇದ್ದಿಲು, ಮರಳು, ಸಣ್ಣ ಜಲ್ಲಿ ತುಂಬಿ, ಕೆಸರು ನೀರು ಸುರಿಯಿರಿ. ಕೆಳಗೆ ತಿಳಿನೀರು ತೊಟ್ಟಿಕ್ಕುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಇಲ್ಲಿಗೆ ನಿಲ್ಲಿಸಿದರೆ ಪಾಠ ಅರ್ಧವಾಯಿತು, ತಪ್ಪೂ ಆಯಿತು. "ಈಗ ಕುಡೀಬಹುದಾ ಅಣ್ಣ?" ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಕೂಡದು ಎಂದು ಖಂಡಿತವಾಗಿ ಹೇಳಬೇಕು, ಏಕೆಂದು ತೋರಿಸಬೇಕು. ಒಂದು ಲೋಟ ಕುಡಿಯುವ ನೀರಿಗೆ ಉಪ್ಪು ಕರಗಿಸಿ, ತೊಳೆದ ಬಿಳಿ ಬಟ್ಟೆಯಲ್ಲಿ ಸೋಸಿ, ಒಂದೊಂದು ಹನಿ ನಾಲಿಗೆಯ ಮೇಲೆ ಹಾಕಿ. ನೀರು ತಿಳಿಯಾಗಿದೆ, ಉಪ್ಪು ಹಾಗೇ ಇದೆ. ಕಣ್ಣಿಗೆ ತಿಳಿಯಾಗಿ ಕಂಡ ನೀರೆಲ್ಲ ಒಳ್ಳೆಯ ನೀರಲ್ಲ, ಕರಗಿದ ಲವಣ, ಲೋಹ ಮತ್ತು ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ ಎಂಬುದು ಆ ಒಂದು ಹನಿಯಿಂದ ಮಗುವಿಗೆ ಮನದಟ್ಟಾಗುತ್ತದೆ. ಇದಕ್ಕೆ ಪ್ರಯೋಗಶಾಲೆ ಬೇಡ, ದುಡ್ಡು ಬೇಡ.

ಇದಾದ ಮೇಲೆ ಮಗು ಕೇಳುವ ಪ್ರಶ್ನೆ ಇನ್ನೊಂದಿದೆ. "ಈ ಗಲೀಜನ್ನ ಹೊಳೆಗೆ ಬಿಟ್ಟೋರು ಯಾರು?" ಇದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ಬಿಡದಿಗೆ ಬರುವ ಕಾಲೇಜು ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಬೆಂಗಳೂರಿನ ಮನೆಗಳಿಂದ ಬಂದವರು. ಪಶ್ಚಿಮ ಬೆಂಗಳೂರಿನ ಬಡಾವಣೆಗಳ ಬಚ್ಚಲ ನೀರು ಇಳಿದು ಬರುವುದು ಈ ಹೊಳೆಗೇ. ಅಂದರೆ ಕಲಿಸಲು ಬಂದವರು ಹೊಳೆಯ ಮೇಲಿನವರು, ಕಲಿಯುವ ಮಕ್ಕಳು ಹೊಳೆಯ ಕೆಳಗಿನವರು. ಕೆಳಗಿನ ಊರಿನ ಮಗುವಿಗೆ "ನೀರು ಹಾಳು ಮಾಡಬೇಡ" ಎಂದು ಮೇಲಿನ ಊರಿನವರು ಬುದ್ಧಿ ಹೇಳುವುದು ನ್ಯಾಯವಲ್ಲ. "ಇದರಲ್ಲಿ ನಮ್ಮ ಮನೆಯ ನೀರೂ ಇದೆ" ಎಂದು ನೇರವಾಗಿ ಹೇಳುವ ಧೈರ್ಯ ಆ ಅಕ್ಕನಿಗೆ, ಆ ಅಣ್ಣನಿಗೆ ಇರಬೇಕು. ಜಲ ಮಾಲಿನ್ಯ ತಡೆಯುವ ಕಾಯಿದೆ 1974ರಿಂದ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿ ಇದೆ, ಕೊಳಚೆ ನೀರನ್ನು ಶುದ್ಧ ಮಾಡಿಯೇ ಹೊಳೆಗೆ ಬಿಡಬೇಕೆಂಬ ನಿಯಮ ಇದೆ ಎಂಬುದನ್ನೂ ಮಕ್ಕಳಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ತಾವು ಮಾಡದ ತಪ್ಪಿನ ಹೊರೆಯನ್ನು ಮಕ್ಕಳ ತಲೆಯ ಮೇಲೆ ಹೊರಿಸಬಾರದು. ಭೂಮಿ ನಾಶವಾಗುತ್ತದೆ ಎಂದು ಹೆದರಿಸಲೂಬಾರದು. ಏನಾಗಿದೆ, ಹೇಗಾಯಿತು, ಯಾರು ಸರಿಮಾಡಬೇಕು ಎಂಬುದನ್ನು ಇದ್ದಂತೆ ಹೇಳಿದರೆ ಮಗು ಧೈರ್ಯವಾಗಿ ಕೇಳುತ್ತದೆ.

ಮಕ್ಕಳಿಗೆ ಹೇಳಬಹುದಾದ ಇನ್ನೊಂದು ಕಥೆ ಬಿಡದಿಯಿಂದ ಮುಂದಿನ ರಾಮನಗರದ್ದು. ಅಲ್ಲಿನ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಸರ್ಕಾರ ಘೋಷಿಸಿತು. ದೇಶದಲ್ಲಿ ರಣಹದ್ದಿಗಾಗಿಯೇ ಮೀಸಲಿಟ್ಟ ಮೊದಲ ಧಾಮ ಅದು. 1990ರ ದಶಕದಿಂದೀಚೆಗೆ ನಮ್ಮ ದೇಶದ ಮುಖ್ಯ ರಣಹದ್ದುಗಳ ಸಂತತಿ ಶೇಕಡ 95ಕ್ಕೂ ಹೆಚ್ಚು ಇಳಿದುಹೋಯಿತು. ಕಾರಣ ಬೇಟೆಯಲ್ಲ, ಹಸಿವಲ್ಲ. ದನಗಳಿಗೆ ನೋವು ಕಡಿಮೆ ಮಾಡಲು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ. ಆ ಔಷಧಿ ಮೈಯಲ್ಲಿರುವಾಗಲೇ ಸತ್ತ ದನದ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತಿದ್ದವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಲಾಯಿತು. 2023ರಲ್ಲಿ ಅದೇ ಬಗೆಯ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಔಷಧಿಗಳನ್ನೂ ನಿಷೇಧಿಸಲಾಯಿತು. ಮೆಲಾಕ್ಸಿಕ್ಯಾಮ್ ಎಂಬ ಬದಲಿ ಔಷಧಿ ಇದೆ, ಅದರಿಂದ ಹದ್ದಿಗೆ ಅಪಾಯವಿಲ್ಲ. ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ. ಒಂದು ಸತ್ತರೆ ಆ ಜಾಗ ತುಂಬಲು ಬಹಳ ಕಾಲ ಬೇಕು.

ಈ ಕಥೆ ಹಳ್ಳಿಯ ಮಗುವಿನ ಮನಸ್ಸಿಗೆ ನೇರವಾಗಿ ಹೋಗುತ್ತದೆ, ಏಕೆಂದರೆ ಅದರ ಮನೆಯಲ್ಲಿ ಹಸು ಇದೆ. ಸಂಜೆ ಮನೆಗೆ ಹೋಗಿ, "ಅಪ್ಪ, ನಮ್ಮ ಹಸುಗೆ ಡಾಕ್ಟ್ರು ಯಾವ ಸೂಜಿ ಹಾಕಿದ್ರು?" ಎಂದು ಕೇಳುತ್ತದೆ. ಆ ಒಂದು ಪ್ರಶ್ನೆ ಒಂದು ಮನೆಯ ಕೊಟ್ಟಿಗೆಯನ್ನೂ ಬೆಟ್ಟದ ಬಂಡೆಯ ಮೇಲಿನ ಗೂಡನ್ನೂ ಜೋಡಿಸುತ್ತದೆ.

ಇನ್ನು ಗಿಡ ನೆಡುವ ಮಾತು. ಇದನ್ನು ಕಲಿಯಲು ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಹೋಗಬೇಕು. ಶಾಲೆಯ ಮೆಟ್ಟಿಲು ಹತ್ತದ ಸಾಲುಮರದ ತಿಮ್ಮಕ್ಕನವರು, ಕೂಲಿ ಮಾಡಿಕೊಂಡು, ಗಂಡ ಚಿಕ್ಕಯ್ಯನವರ ಜೊತೆಗೂಡಿ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೂ ಆಲದ ಸಸಿ ನೆಟ್ಟರು. 385 ಮರ ಎಂಬುದು ಎಲ್ಲರೂ ಹೇಳುವ ಲೆಕ್ಕ. ಮೊದಲ ವರ್ಷ ಅವರು ನೆಟ್ಟದ್ದು ಹತ್ತೇ ಸಸಿ. ಮಳೆಗಾಲದಲ್ಲಿ ನೆಟ್ಟರು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು, ಬೇಸಿಗೆಯಲ್ಲಿ ದೂರದಿಂದ ನೀರು ಹೊತ್ತು ತಂದು ಹಾಕಿದರು. ಅವು ಬೇರೂರಿದ ಮೇಲೆ ಮತ್ತಷ್ಟು ನೆಟ್ಟರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರ್ 14ರಂದು, ಮಕ್ಕಳ ದಿನದಂದೇ, ಅವರು ನಮ್ಮನ್ನು ಅಗಲಿದರು. ನೂರು ಸಸಿ ನೆಟ್ಟು ಮರೆಯುವುದಕ್ಕಿಂತ ಹತ್ತು ಸಸಿ ನೆಟ್ಟು ಬೆಳೆಸುವುದು ಮೇಲು ಎಂಬುದಕ್ಕೆ ಆ ರಸ್ತೆಯೇ ಸಾಕ್ಷಿ. ಶಾಲೆಯ ಅಂಗಳದಲ್ಲಿ ಹೊಂಗೆ, ಬೇವು, ನೇರಳೆ, ಹೀಗೆ ನಮ್ಮ ನೆಲದ ನಾಲ್ಕೇ ಸಸಿ ನೆಡಲಿ. ತಿಂಗಳಿಗೊಮ್ಮೆ ಎತ್ತರ ಅಳೆಯಲಿ, ಎಲೆ ಎಣಿಸಲಿ, ಯಾವ ಹುಳು ಬಂತು, ಯಾವ ಹಕ್ಕಿ ಕೂತಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಲಿ.

ಬಿಡದಿಗೆ ಸೇರಿದ ಇನ್ನೊಂದು ಸಂಗತಿಯೂ ಇಲ್ಲಿ ಹೇಳಬೇಕು. ಜಪಾನಿನ ಸಸ್ಯವಿಜ್ಞಾನಿ ಅಕಿರ ಮಿಯಾವಾಕಿ ಅವರ ವಿಧಾನದಲ್ಲಿ, ಆಯಾ ನೆಲದ ಮರಗಳನ್ನೇ ಒತ್ತೊತ್ತಾಗಿ ನೆಟ್ಟು, ಇಲ್ಲಿನ ಟೊಯೋಟಾ ಕಾರ್ಖಾನೆಯ ಆವರಣದಲ್ಲಿ ಕಾಡು ಬೆಳೆಸಿದರು. ಅಲ್ಲಿ ಕೆಲಸ ಮಾಡುತ್ತಿದ್ದ ಶುಭೇಂದು ಶರ್ಮ ಎಂಬ ಯುವ ಎಂಜಿನಿಯರ್ ಅದನ್ನು ಕಂಡು ಕಲಿತು, ಕೊನೆಗೆ ಕಾರಿನ ಕೆಲಸ ಬಿಟ್ಟು, 2011ರಲ್ಲಿ ಕಾಡು ಬೆಳೆಸುವುದನ್ನೇ ವೃತ್ತಿ ಮಾಡಿಕೊಂಡರು. ಕಣ್ಣಾರೆ ಕಂಡದ್ದು ಒಬ್ಬ ಮನುಷ್ಯನ ಬದುಕಿನ ದಾರಿಯನ್ನೇ ತಿರುಗಿಸಬಲ್ಲದು.

ಹೀಗೆ ಹಳ್ಳಿಯ ಶಾಲೆಗೆ ಹೋಗಿ ಬರುವುದರಿಂದ ಕಾಲೇಜು ವಿದ್ಯಾರ್ಥಿಗೆ ಆಗುವ ಲಾಭವೂ ಸಣ್ಣದಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಪುಸ್ತಕವನ್ನು ನೀವು ಓದಿರಬಹುದು. ಸಸ್ಯಶಾಸ್ತ್ರದ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ ಅನುಭವ ಅದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಗಿಡದ ಎದುರು ನಿಂತು ಕಲಿತದ್ದು ಮರೆಯುವುದಿಲ್ಲ ಎಂಬುದು ಅದನ್ನು ಓದಿದವರಿಗೆಲ್ಲ ಗೊತ್ತು. ಇನ್ನೊಬ್ಬರಿಗೆ ಹೇಳಿಕೊಡುವ ಹೊಣೆ ಬಿದ್ದಾಗ ಇನ್ನೂ ಚೆನ್ನಾಗಿ ಕಲಿಯುತ್ತೇವೆ. ಪರೀಕ್ಷೆಗೆಂದು ಉರುಹೊಡೆದ ವಿಷಯ ಹತ್ತು ವರ್ಷದ ಮಗುವಿನ ಒಂದು "ಯಾಕೆ?" ಎಂಬ ಪ್ರಶ್ನೆಗೆ ನಿಲ್ಲುವುದಿಲ್ಲ. ಆಗ ಮತ್ತೆ ಪುಸ್ತಕ ತೆಗೆಯಬೇಕಾಗುತ್ತದೆ, ಊರಿನ ಹಿರಿಯರನ್ನು ಕೇಳಬೇಕಾಗುತ್ತದೆ. ಕನ್ನಡ ಬಾರದ ವಿದ್ಯಾರ್ಥಿಗಳಿದ್ದರೆ ಕನ್ನಡ ಬಲ್ಲ ಗೆಳೆಯರ ಜೊತೆ ಬರಲಿ. ಚಿತ್ರ ಬರೆಯಲಿ, ಅಳತೆಗೆ ನೆರವಾಗಲಿ, ಮಕ್ಕಳಿಂದ ಗಿಡಮರಗಳ ಹೆಸರು ಕಲಿತುಕೊಳ್ಳಲಿ.

ಸಸಿಗಳ ಬಗ್ಗೆ ಮಕ್ಕಳು ಬರೆದಿಟ್ಟ ಆ ಪುಸ್ತಕಕ್ಕೆ ಮುಂದೆ ದಾರಿಯೂ ಇದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನೇ ಅಧ್ಯಯನ ಮಾಡಿ ವರದಿ ಮಂಡಿಸಬಹುದು. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ನಡೆಸಿಕೊಂಡು ಬಂದಿದೆ. ಬೈರಮಂಗಲದ ನೀರಿನ ಬಗ್ಗೆ, ಊರ ಕೆರೆಗೆ ಬರುವ ಹಕ್ಕಿಗಳ ಬಗ್ಗೆ ಹಳ್ಳಿಯ ಶಾಲೆಯ ಮಕ್ಕಳೇ ಎದ್ದು ನಿಂತು ಮಾತಾಡಿದರೆ, ಅದನ್ನು ಕೇಳಿಸಿಕೊಳ್ಳದೆ ಇರುವುದು ದೊಡ್ಡವರಿಗೆ ಕಷ್ಟ.

ಕೊನೆಯದಾಗಿ ಮೂರು ವಿನಂತಿ. ಕಾಲೇಜಿನ ಪ್ರಾಂಶುಪಾಲರಲ್ಲಿ: ಹತ್ತು ಶಾಲೆಗಳಿಗೆ ಒಂದೊಂದು ದಿನ ವಿದ್ಯಾರ್ಥಿಗಳನ್ನು ಕಳಿಸಬೇಡಿ, ಒಂದು ಶಾಲೆಗೆ ವರ್ಷವಿಡೀ ಕಳಿಸಿ, ಆ ಕೆಲಸಕ್ಕೆ ಅಂಕ ಕೊಡಿ. ಶಾಲೆಯ ಮುಖ್ಯಶಿಕ್ಷಕರಲ್ಲಿ: ವಾರಕ್ಕೆ ಒಂದು ಗಂಟೆ ಮಕ್ಕಳನ್ನು ಗೋಡೆಯ ಆಚೆ ಬಿಡಿ, ನೀವೂ ಜೊತೆಗೆ ಬನ್ನಿ. ಕಾಲೇಜು ವಿದ್ಯಾರ್ಥಿಗಳಲ್ಲಿ: ಬಿಡದಿಯ ಮಕ್ಕಳಿಂದ ಕಲಿತದ್ದನ್ನು ಬೆಂಗಳೂರಿಗೆ ಕೊಂಡೊಯ್ಯಿರಿ. ನಿಮ್ಮ ಮನೆಯ, ನಿಮ್ಮ ಬಡಾವಣೆಯ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ, ಶುದ್ಧವಾಗಿ ಹೋಗುತ್ತದೆಯೇ ಎಂದು ಅಲ್ಲಿ ಕೇಳಿ, ಉತ್ತರ ಸಿಗುವವರೆಗೂ ಕೇಳಿ. ವೃಷಭಾವತಿ ಬಿಡದಿಯಲ್ಲಿ ಶುದ್ಧವಾಗಬೇಕಾದರೆ ಮೊದಲು ಬೆಂಗಳೂರಿನಲ್ಲಿ ಶುದ್ಧವಾಗಬೇಕು.